ಮೆಂಡರ್ ಜಗಳ, ನಲ್ಲಿ ಜಗಳ: ಪುಟ್ಟ ಮಕ್ಕಳಿಗೆ ಕೂಡಿ ಬಾಳುವುದನ್ನು ಕಲಿಸಲು ಯಾವ ದಾರಿ ನಿಮಗೆ ಸರಿ?

ಜೂನ್ ಮುಗಿಯುವ ಹೊತ್ತಿಗೆ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಕೇಳುವವರು ಒಂದನೇ ತರಗತಿಯ ಟೀಚರ್, ಅಂಗನವಾಡಿ ಕಾರ್ಯಕರ್ತೆ, ಯುಕೆಜಿ ಮಿಸ್. ‘ಮಕ್ಕಳು ಮೆಂಡರ್ ಕಿತ್ತುಕೊಳ್ತಾರೆ. ನಲ್ಲಿ ಹತ್ತಿರ ತಳ್ಳಾಡ್ತಾರೆ. ಮಾತೆತ್ತಿದರೆ ಟೂ ಬಿಡ್ತಾರೆ. ಸುತ್ತ ಕೂರಿಸಿ ಮಾತಾಡಿಸಲಾ, ಕಥೆ ಹೇಳಲಾ, ಆಟ ಆಡಿಸಲಾ, ಸ್ಟಾರ್ ಚಾರ್ಟ್ ಹಾಕಲಾ? ಎಲ್ಲ ಮಾಡೋಕೆ ಟೈಮ್ ಇಲ್ಲ.’

ಟೈಮ್ ಇಲ್ಲ ಅನ್ನುವುದು ನಿಜ. ನಾನು 16 ವರ್ಷದಿಂದ ಸರ್ಕಾರಿ ಶಾಲೆಯ ನಲಿಕಲಿ ಮಕ್ಕಳ ಜೊತೆ ಇದ್ದೇನೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಈ ದಾರಿಗಳನ್ನೆಲ್ಲ ಮಾಡಿ ನೋಡಿದ್ದೇನೆ. ಕೆಲವನ್ನು ಇಟ್ಟುಕೊಂಡೆ, ಕೆಲವನ್ನು ಬಿಟ್ಟೆ. ಯಾವುದು ಯಾರಿಗೆ ಒಗ್ಗುತ್ತದೆ ಅಂತ ನನಗೆ ಕಂಡಿದ್ದನ್ನು ಹೇಳುತ್ತೇನೆ.

ಆರಿಸುವ ಮೊದಲು

‘ಮಕ್ಕಳು ಹೊಂದಿಕೊಂಡು ಇರಬೇಕು’ ಅಂತ ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ನಿಮ್ಮ ತರಗತಿಗೆ ಈಗ ಬೇಕಾಗಿರುವುದು ಏನು ಅಂತ ಒಂದನ್ನು ಮಾತ್ರ ಗುರುತಿಸಿ. ಸರದಿ ಕಾಯುವುದಾ? ಕಿತ್ತುಕೊಳ್ಳದೆ ಬಾಯಿಬಿಟ್ಟು ಕೇಳುವುದಾ? ಹೊಸ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳುವುದಾ? ಜಗಳ ಆದ ಮೇಲೆ ಮತ್ತೆ ಮಾತಾಡುವುದಾ? ನಾಲ್ಕೂ ಬೇರೆ ಬೇರೆ. ಅಚ್ಚುಕಟ್ಟಾಗಿ ಸಾಲಿನಲ್ಲಿ ನಿಲ್ಲುವ ಮಗುವೇ ‘ನೀನು ನಮ್ಮ ಆಟಕ್ಕೆ ಬೇಡ’ ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಆಮೇಲೆ ವಯಸ್ಸು ನೋಡಿ. ಮೂರು ವರ್ಷದ ಇಬ್ಬರು ಮಕ್ಕಳನ್ನು ಮರಳಲ್ಲಿ ಬಿಡಿ. ಪಕ್ಕಪಕ್ಕದಲ್ಲೇ ಕೂತು ಇಬ್ಬರೂ ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. ಅದು ಸ್ವಾರ್ಥ ಅಲ್ಲ, ಆ ವಯಸ್ಸಿನ ಆಟವೇ ಹಾಗೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬಾಕೆ ನರ್ಸರಿ ಮಕ್ಕಳನ್ನು ದಿನಗಟ್ಟಲೆ ನೋಡಿ 1932ರಲ್ಲೇ ಇದನ್ನು ಬರೆದಿಟ್ಟರು. ಮೊದಲು ಒಂಟಿ ಆಟ, ಆಮೇಲೆ ಪಕ್ಕಪಕ್ಕದ ಆಟ, ಕೂಡಿ ಆಡುವುದು ನಿಧಾನವಾಗಿ ಬರುತ್ತದೆ. ಹಾಗಾಗಿ ಅಂಗನವಾಡಿಯ ಪುಟಾಣಿಗೆ ‘ಹಂಚಿಕೋ’ ಅಂತ ದಿನವಿಡೀ ಹೇಳುವುದಕ್ಕಿಂತ ಆಟಿಕೆಯನ್ನು ಎರಡು ಇಡುವುದು ವಾಸಿ.

ಮಕ್ಕಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಅಷ್ಟು ಮಕ್ಕಳು ತಲಾ ಒಂದು ನಿಮಿಷ ಮಾತಾಡಿದರೂ ಅರ್ಧ ಗಂಟೆ ಹೋಯಿತು. ಮಾತೇ ಆಡದ ಮಗುವಿಗೂ ಆ ದಾರಿಯಲ್ಲಿ ಜಾಗ ಇದೆಯಾ ಅಂತಲೂ ನೋಡಬೇಕು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಗು ಮೊದಲ ಎರಡು ತಿಂಗಳು ಕನ್ನಡದಲ್ಲಿ ಬರೀ ‘ಹೂಂ’ ಅನ್ನುತ್ತದೆ.

ದುಡ್ಡಿನ ಮಾತು ಕೊನೆಗೆ ಬಂದರೂ ಪರವಾಗಿಲ್ಲ. ಇಲ್ಲಿ ಹೇಳುವುದರಲ್ಲಿ ಜಾಸ್ತಿ ದುಡ್ಡು ಕೇಳುವುದು ಒಂದೇ ಒಂದು.

ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ನಾನು ಬೆನ್ನು ತಿರುಗಿಸಿದಾಗಲೂ ಕಲಿತದ್ದು ಉಳಿಯುತ್ತದಾ? ಬಿಸಿಯೂಟ ಮುಗಿಸಿ ಮಕ್ಕಳು ತಟ್ಟೆ ಹಿಡಿದು ನಲ್ಲಿಗೆ ಓಡುವ ಐದು ನಿಮಿಷ ಇದೆಯಲ್ಲ, ನನ್ನ ಅಳತೆಗೋಲು ಅದೇ. ಅಲ್ಲಿ ಕಾಣದೆ ಇದ್ದದ್ದು ಪಾಠದಲ್ಲಿ ಎಷ್ಟು ಚೆಂದ ಕಂಡರೂ ನಾನು ಕಲಿತರು ಅಂತ ಬರೆದುಕೊಳ್ಳುವುದಿಲ್ಲ.

ಸುತ್ತ ಕೂತು ಮಾತು

ಖಾಸಗಿ ಶಾಲೆಗಳಲ್ಲಿ ಇದನ್ನು ಸರ್ಕಲ್ ಟೈಮ್ ಅನ್ನುತ್ತಾರೆ. ನಲಿಕಲಿಯಲ್ಲಿ ಬೆಳಗ್ಗೆ ಹವಾಮಾನ ನಕ್ಷೆ ತುಂಬುವಾಗ ಮಕ್ಕಳು ಹೇಗೂ ಕೆಳಗೆ ಕೂತಿರುತ್ತಾರೆ, ಹಾಗಾಗಿ ಇದಕ್ಕೆ ಬೇರೆ ಸಮಯ ಹುಡುಕಬೇಕಾಗಿಲ್ಲ.

ಇದು ಮಕ್ಕಳಿಗೆ ಕೊಡುವುದು ಮಾತು. ‘ನನಗೆ ಕೋಪ ಬಂದಿದೆ’, ‘ಆಮೇಲೆ ನನಗೆ ಕೊಡ್ತೀಯಾ’, ‘ನನಗೆ ನೋವಾಯ್ತು’. ಆರು ವರ್ಷದ ಮಗುವಿನ ಹತ್ತಿರ ಈ ಮಾತುಗಳು ಇಲ್ಲದಿದ್ದಾಗ ಕೈ ಮುಂದೆ ಬರುತ್ತದೆ. ಮಾತು ಸಿಕ್ಕರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಆದರೆ ಮಾತಾಡುವವರು ಅದೇ ನಾಲ್ಕು ಮಕ್ಕಳು. ಉಳಿದವರು ಚಾಪೆ ಕಡ್ಡಿ ಕೀಳುತ್ತಾ ಕೂತಿರುತ್ತಾರೆ. ನಾನು ಕೊನೆಗೆ ಕಂಡುಕೊಂಡದ್ದು ಹೀಗೆ: ದಿನಕ್ಕೆ ಆರು ಮಕ್ಕಳು, ಹತ್ತು ನಿಮಿಷ. ಒಂದು ಚನ್ನಪಟ್ಟಣದ ಬುಗುರಿ ಕೈಯಿಂದ ಕೈಗೆ ಹೋಗುತ್ತದೆ. ಯಾರ ಕೈಯಲ್ಲಿದೆಯೋ ಅವರ ಮಾತು. ಬೇಡ ಅನಿಸಿದರೆ ಬುಗುರಿಯನ್ನು ಸುಮ್ನೆ ಮುಂದೆ ಕೊಡಬಹುದು. ವಾರಕ್ಕೆ ಐದು ದಿನ ಮಾಡಿದರೆ 30 ಮಕ್ಕಳ ಸರದಿಯೂ ಮುಗಿಯುತ್ತದೆ.

ಒಂದು ಎಚ್ಚರಿಕೆ. ನಿನ್ನೆ ಹೊಡೆದ ಮಗುವಿನ ವಿಷಯವನ್ನು ಆ ಸುತ್ತಿಗೆ ತರಬೇಡಿ. ತಂದರೆ ಅದು ಪಂಚಾಯ್ತಿ ಕಟ್ಟೆ ಆಗುತ್ತದೆ. ಮಾರನೇ ದಿನದಿಂದ ಆ ಮಗು ಯಾರ ಮುಖವನ್ನೂ ನೋಡುವುದಿಲ್ಲ.

ಕಥೆ ಮತ್ತು ಬೊಂಬೆ

ಕಾಗಕ್ಕ ಗುಬ್ಬಕ್ಕನ ಕಥೆ ಯಾರಿಗೆ ಗೊತ್ತಿಲ್ಲ? ಮಳೆ ಬಂತು, ಕಾಗಕ್ಕನ ಸಗಣಿ ಮನೆ ಕೊಚ್ಚಿ ಹೋಯಿತು. ನೆನೆದುಕೊಂಡು ಬಂದು ಗುಬ್ಬಕ್ಕನ ಬಾಗಿಲು ತಟ್ಟಿದರೆ ‘ತಡಿ, ಮಗೂಗೆ ಸ್ನಾನ ಮಾಡಿಸ್ತಿದ್ದೀನಿ’ ಅನ್ನುತ್ತಾಳೆ. ನಾನು ಕಥೆಯನ್ನು ಅಲ್ಲೇ ನಿಲ್ಲಿಸುತ್ತೇನೆ. ಕಾಲುಚೀಲದಲ್ಲಿ ಮಾಡಿದ ಕಾಗೆ ನನ್ನ ಎಡಗೈಯಲ್ಲಿ, ಗುಬ್ಬಿ ಒಂದು ಮಗುವಿನ ಕೈಯಲ್ಲಿ. ‘ಈಗ ಬಾಗಿಲು ತೆಗೀಬೇಕಾ?’

ಒಂದು ಸಲ ಒಬ್ಬ ಹುಡುಗ ಎದ್ದು ನಿಂತ. ‘ತೆಗೀಬೇಕು ಮಿಸ್, ಕಾಗಕ್ಕ ನಡುಗ್ತಿದ್ದಾಳೆ. ಸ್ನಾನ ಆಮೇಲೆ ಮಾಡಿಸಬಹುದು.’ ಮೂಲೆಯಲ್ಲಿ ಕೂತಿದ್ದ ಹುಡುಗಿ ಮೆಲ್ಲಗೆ ಹೇಳಿದಳು: ‘ಗುಬ್ಬಕ್ಕಂಗೆ ಭಯ ಮಿಸ್. ಕಾಗೆ ಮರಿ ಎತ್ಕೊಂಡು ಹೋಗುತ್ತೆ.’ ಅವಳು ಅಷ್ಟು ಉದ್ದ ಮಾತಾಡಿದ್ದು ಆ ವರ್ಷ ಅದೇ ಮೊದಲು. ಬಾಗಿಲು ಹಾಕಿದವಳಿಗೂ ಒಂದು ಕಾರಣ ಇರಬಹುದು ಅನ್ನುವುದು ನನಗೇ ಹೊಳೆದಿರಲಿಲ್ಲ. ಬೊಂಬೆಯ ಬಲ ಇದು. ತನ್ನ ಹೆಸರಲ್ಲಿ ಹೇಳಲಾಗದ್ದನ್ನು ಮಗು ಗುಬ್ಬಿಯ ಹೆಸರಲ್ಲಿ ಹೇಳುತ್ತದೆ.

ಖರ್ಚು ಎರಡು ಹಳೇ ಕಾಲುಚೀಲ, ನಾಲ್ಕು ಗುಂಡಿ. ಬೆಂಚು ಹಾಕಿದ ಕೋಣೆಯಲ್ಲೂ ಆಗುತ್ತದೆ. 40 ಮಕ್ಕಳಿದ್ದರೂ ಆಗುತ್ತದೆ.

ಕೊರತೆಯನ್ನೂ ಹೇಳಬೇಕು. ಬಾಗಿಲು ತೆಗೆಸಿದ ಆ ಹುಡುಗನೇ ಅದೇ ಮಧ್ಯಾಹ್ನ ನಲ್ಲಿ ಹತ್ತಿರ ಚಿಕ್ಕವನೊಬ್ಬನನ್ನು ಬದಿಗೆ ನೂಕಿ ತನ್ನ ತಟ್ಟೆ ತೊಳೆದ. ಅವನು ಸುಳ್ಳು ಹೇಳಿರಲಿಲ್ಲ. ಗೊತ್ತಿರುವುದು ಒಂದು, ಕೈಗೆ ಅಭ್ಯಾಸ ಆಗುವುದು ಇನ್ನೊಂದು. ಸುತ್ತ ಕೂತ ಮಾತು, ಕಥೆ ಎರಡೂ ಮೊದಲನೆಯದನ್ನು ಕೊಡುತ್ತವೆ. ಎರಡನೆಯದಕ್ಕೆ ಬೇರೆ ದಾರಿ ಬೇಕು.

ಇನ್ನೊಂದು ಮಾತು: ಕಥೆ ಮುಗಿಸಿ ‘ಇದರ ನೀತಿ ಏನು?’ ಅಂತ ಕೇಳಬೇಡಿ. ‘ಎಲ್ಲರಿಗೂ ಸಹಾಯ ಮಾಡಬೇಕು’ ಅಂತ ಕೋರಸ್ಸಿನಲ್ಲಿ ಉತ್ತರ ಬರುತ್ತದೆ. ಆ ಹುಡುಗಿ ಹೇಳಿದ ಭಯದ ಮಾತು ಅಲ್ಲಿಗೆ ಮುಚ್ಚಿಹೋಗುತ್ತದೆ.

ಆಟ

ಕೈಗೆ ಅಭ್ಯಾಸ ಆಗುವುದು ಆಟದಲ್ಲಿ. ಆದರೆ ಎಲ್ಲ ಆಟವೂ ಒಂದೇ ಅಲ್ಲ.

ಕೆರೆ-ದಡ ನೋಡಿ. ‘ಕೆರೆ’ ಅಂದರೆ ಗೆರೆಯೊಳಗೆ ಜಿಗಿಯಬೇಕು, ‘ದಡ’ ಅಂದರೆ ಹೊರಗೆ. ನೆಗೆಯಲು ಎದ್ದ ಕಾಲನ್ನು ಹಿಡಿದು ನಿಲ್ಲಿಸುವುದೇ ಅದರ ಗುಟ್ಟು. ಹೊಡೆಯಲು ಎದ್ದ ಕೈಯನ್ನು ನಿಲ್ಲಿಸಲೂ ಬೇಕಾಗುವುದು ಅದೇ ಹಿಡಿತ. ನಾಲ್ಕೂವರೆ ವರ್ಷದ ಮಗುವೂ ಆಡಬಹುದು, ಭಾಷೆ ಬೇಕಾಗಿಲ್ಲ, ಸೀಮೆಸುಣ್ಣದ ಒಂದು ಗೆರೆ ಸಾಕು.

ಹುಲಿ-ಕುರಿ ಇನ್ನೂ ಒಳ್ಳೆಯದು. ಎಲ್ಲರೂ ಕೈ ಹಿಡಿದು ಸುತ್ತ ನಿಲ್ಲುತ್ತಾರೆ. ಕುರಿ ಒಳಗೆ, ಹುಲಿ ಹೊರಗೆ. ಒಂದು ಕೈ ಬಿಟ್ಟರೂ ಹುಲಿ ಒಳಗೆ ಬರುತ್ತದೆ. ಒಂದು ವರ್ಷ ತಾಂಡಾದಿಂದ ಬಂದ ಹುಡುಗಿ ಜುಲೈ ಮುಗಿದರೂ ಯಾರ ಜೊತೆಗೂ ಸೇರಿರಲಿಲ್ಲ. ಬೆಳಗಿನ ಸುತ್ತಿನಲ್ಲಿ ಬುಗುರಿ ಬಂದರೆ ಬಿಸಿ ಮುಟ್ಟಿದವಳ ಹಾಗೆ ಮುಂದೆ ತಳ್ಳುತ್ತಿದ್ದಳು. ಹುಲಿ-ಕುರಿಯಲ್ಲಿ ಅವಳು ನಿಂತ ಕಡೆಯೇ ಹುಲಿ ಮೂರು ಸಲ ನುಗ್ಗಿತು. ಅವಳು ಎರಡೂ ಕಡೆಯ ಕೈ ಬಿಗಿಯಾಗಿ ಹಿಡಿದು, ಮೊಣಕಾಲು ಬಗ್ಗಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟಳು. ಹುಲಿ ಒಳಗೆ ಬರಲಿಲ್ಲ. ಮಾರನೇ ದಿನ ಅವಳ ಪಕ್ಕ ನಿಲ್ಲಲು ಇಬ್ಬರು ಕಿತ್ತಾಡಿದರು. ಕನ್ನಡ ಅವಳಿಗೆ ಆಮೇಲೆ ಬಂತು, ಗೆಳತಿಯರು ಮೊದಲೇ ಬಂದರು.

ನಾನು ಕೈಬಿಟ್ಟದ್ದು ‘ಔಟ್’ ಆಗುವ ಆಟಗಳನ್ನು. ಕುರ್ಚಿ ಆಟದಲ್ಲಿ ಮೊದಲು ಔಟ್ ಆಗುವುದು ಯಾವಾಗಲೂ ಮೆತ್ತಗಿನ ಮಗು. ಯಾರಿಗೆ ಅಭ್ಯಾಸ ಬೇಕೋ ಅವರೇ ಗೋಡೆಗೆ ಒರಗಿ ಕೂರುತ್ತಾರೆ. ಅದನ್ನೇ ಸ್ವಲ್ಪ ತಿರುಗಿಸಿ. ಕುರ್ಚಿ ಬದಲು ಹಳೇ ಪೇಪರ್ ಹಾಸಿ. ಪ್ರತಿ ಸಲ ಒಂದು ಪೇಪರ್ ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಉಳಿದ ಪೇಪರ್ ಮೇಲೆ ಎಲ್ಲರೂ ನಿಲ್ಲಬೇಕು. ಕೊನೆಗೆ ಎರಡು ಪೇಪರ್ ಮೇಲೆ ಹತ್ತು ಮಕ್ಕಳು ಒಬ್ಬರನ್ನೊಬ್ಬರು ಹಿಡಿದು ನಿಂತಿರುತ್ತಾರೆ. ನಿನ್ನೆ ಟೂ ಬಿಟ್ಟವರೂ ಅಲ್ಲೇ ಇರುತ್ತಾರೆ.

ಲಗೋರಿಗೆ ಇನ್ನೂ ಒಂದೆರಡು ವರ್ಷ ಕಾಯಿರಿ. ಮಳೆಗಾಲದಲ್ಲಿ ಅಳಗುಳಿ ಮಣೆ, ಚೌಕಾಬಾರ ಒಳ್ಳೆಯವು, ಸರದಿ ಕಾಯುವುದಕ್ಕೆ ಅವಕ್ಕಿಂತ ಬೇರೆ ಪಾಠ ಬೇಡ. ಆದರೆ ಎರಡರಿಂದ ನಾಲ್ಕು ಮಕ್ಕಳಿಗಷ್ಟೇ ಆಗುತ್ತದೆ, ಮಣೆಗಳು ಜಾಸ್ತಿ ಬೇಕು. ತಂಡ ಮಾಡುವಾಗ ನಾಯಕರ ಕೈಯಲ್ಲಿ ಆರಿಸಬೇಡಿ. ಕೊನೆಗೆ ಉಳಿಯುವ ಮಗುವಿನ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಎರಡು ಥರದ ಎಲೆ ಹಂಚಿ. ಹೊಂಗೆ ಎಲೆ ಒಂದು ಕಡೆ, ಬೇವಿನ ಎಲೆ ಒಂದು ಕಡೆ.

ಆಟಕ್ಕೆ ಬೇಕಾಗುವುದು ಜಾಗ, 15 ನಿಮಿಷ, ಮತ್ತು ಗಲಾಟೆ ಸಹಿಸುವ ಪಕ್ಕದ ಕೋಣೆ. ನೀವು ಅಲ್ಲೇ ಇರಬೇಕು. ಆಡ್ಕೊಳ್ಳಿ ಅಂತ ಬಿಟ್ಟು ರಿಜಿಸ್ಟರ್ ಬರೆಯಲು ಕೂತರೆ ಬಲ ಇದ್ದವರ ಆಟ ಆಗುತ್ತದೆ.

ಕೆಲಸ ಹಂಚುವುದು

ಇದನ್ನು ಯಾರೂ ಸಾಮಾಜಿಕ ಕೌಶಲ ಅಂತ ಕರೆಯುವುದಿಲ್ಲ. ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ನಮ್ಮ ಕೋಣೆಯಲ್ಲಿ 26 ಮಕ್ಕಳಿಗೆ ಎರಡೇ ಮೆಂಡರ್ ಇಟ್ಟೆ, ಒಂದು ಡಬ್ಬಿಯಲ್ಲಿ. ಡಬ್ಬಿ ನೋಡಿಕೊಳ್ಳಲು ವಾರಕ್ಕೆ ಒಂದು ಜೋಡಿ. ಬೇಕಾದವರು ಅವರ ಹತ್ತಿರ ಹೋಗಿ ಕೇಳಬೇಕು, ಕೆತ್ತಿ ವಾಪಸ್ ಕೊಡಬೇಕು. ಮೊದಲ ವಾರ ಪೂರ್ತಿ ಗಲಾಟೆ. ‘ಮಿಸ್, ಇವನು ಕೇಳದೆ ತಗೊಂಡ’ ಅಂತ ದಿನಕ್ಕೆ ಇಪ್ಪತ್ತು ಸಲ. ಪ್ರತಿ ಸಲವೂ ನಾನು ಒಂದೇ ಹೇಳಿದೆ: ‘ಡಬ್ಬಿ ಯಾರ ಹತ್ತಿರ ಇದೆ? ಅವರಿಗೇ ಹೇಳು.’ ಮೂರನೇ ವಾರ ನಾನು ಬೆನ್ನು ಹಾಕಿ ಗೋಡೆಯ ಹಲಗೆ ಮೇಲೆ ಬರೆಯುತ್ತಿದ್ದೆ. ಹಿಂದಿನಿಂದ ‘ಆದ್ಮೇಲೆ ನಂಗೆ’, ‘ಹೂಂ, ಇವಳದ್ದಾದ ಮೇಲೆ ನಿಂದು’ ಅನ್ನುವ ಮಾತು ಕೇಳಿತು. ನಾನು ತಿರುಗಲಿಲ್ಲ.

ಮಾಂಟೆಸ್ಸರಿ ಮನೆಗಳಲ್ಲಿ ಇದು ಮೊದಲಿಂದಲೂ ಇದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಪದ್ಧತಿಯಲ್ಲಿ ಕಲಿಕೆಯ ಸಾಮಾನು ಒಂದೊಂದೇ ಇರುತ್ತದೆ. ಇನ್ನೊಂದು ಮಗು ಮುಗಿಸಿ ವಾಪಸ್ ಇಡುವವರೆಗೆ ಕಾಯಲೇಬೇಕು. ಯಾರೂ ಕಾಯಿ ಅಂತ ಬೋಧನೆ ಮಾಡುವುದಿಲ್ಲ. ಹಾಗಾದರೆ ಆಟಿಕೆ ಎರಡು ಇಡಿ ಅಂತ ಮೊದಲು ಹೇಳಿದ್ದು? ಅದು ಆಗಷ್ಟೇ ಅಂಗನವಾಡಿಗೆ ಬಂದ ಮೂರರ ಪುಟಾಣಿಗೆ. ಇದು ಕಾಯುವುದಕ್ಕೆ ತಯಾರಾದ ಮಗುವಿಗೆ.

ಕೆಲಸ ಬೇಕಾದಷ್ಟಿದೆ. ಹಾಲಿನ ಲೋಟ ಹಂಚುವುದು, ಬಾಳೆಹಣ್ಣು ಕೊಡುವುದು, ಚಪ್ಪಲಿ ಸಾಲಾಗಿ ಇಡಿಸುವುದು, ಗಿಡಕ್ಕೆ ನೀರು, ನಲ್ಲಿ ಹತ್ತಿರ ಸೋಪು ಹಿಡಿದು ನಿಲ್ಲುವುದು. ಬಿಸಿ ಸಾರು, ಅನ್ನದ ಪಾತ್ರೆ ಮಾತ್ರ ಅಡುಗೆ ಅಕ್ಕನ ಕೆಲಸ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಶೌಚಾಲಯ ತೊಳೆಸುವುದಂತೂ ಎಂದಿಗೂ ಇಲ್ಲ.

ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಗುಡಿಸುವುದು ಹುಡುಗಿಯರಿಗೆ, ಗಂಟೆ ಹೊಡೆಯುವುದು ಹುಡುಗರಿಗೆ ಅಂತ ತಾನಾಗಿಯೇ ಆಗಿಬಿಡುತ್ತದೆ. ಯಾವ ಕೇರಿಯ ಮಗು ಲೋಟ ಕೊಡುತ್ತದೆ ಅಂತ ಗಮನಿಸುವ ಊರುಗಳೂ ಇನ್ನೂ ಇವೆ. ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ. ಅದಕ್ಕೇ ಜೋಡಿಗಳನ್ನು ಚೀಟಿ ಎತ್ತಿ ಮಾಡಿ, ಪಟ್ಟಿಯನ್ನು ಗೋಡೆಗೆ ಹಚ್ಚಿ, ಒಂದು ವಾರವೂ ತಪ್ಪಿಸಬೇಡಿ. ಎಲ್ಲ ಮಕ್ಕಳೂ ಎಲ್ಲ ಕೆಲಸ ಮಾಡಬೇಕು. ಎಲ್ಲರ ಕೈಯಿಂದ ಎಲ್ಲರೂ ಹಾಲಿನ ಲೋಟ ತೆಗೆದುಕೊಳ್ಳಬೇಕು. ಸುತ್ತ ಕೂತು ಎಷ್ಟು ಮಾತಾಡಿದರೂ ಸಿಗದ ಪಾಠ ಇದು.

ಇದರ ಬೆಲೆ ತಾಳ್ಮೆ. ಐದು ನಿಮಿಷದ ಕೆಲಸಕ್ಕೆ ಮೊದಲ ಒಂದು ತಿಂಗಳು ಹದಿನೈದು ನಿಮಿಷ ಹಿಡಿಯುತ್ತದೆ. ‘ನಮ್ಮ ಮಗನ ಕೈಲಿ ಕೆಲಸ ಮಾಡಿಸ್ತೀರಾ?’ ಅಂತ ಕೇಳುವ ತಂದೆ-ತಾಯಿ ಬರುತ್ತಾರೆ. ಗೋಡೆಯ ಪಟ್ಟಿ ತೋರಿಸಿ, ಎಲ್ಲರ ಹೆಸರೂ ಅಲ್ಲಿದೆ ಅಂತ ಹೇಳಿ. ನನ್ನ ಅನುಭವದಲ್ಲಿ ಹೆಚ್ಚಿನವರು ಒಪ್ಪುತ್ತಾರೆ.

ಸ್ಟಾರ್ ಚಾರ್ಟ್

ಅಗ್ಗ, ಸುಲಭ, ಬೇಗ. ಒಂದು ಹಾಳೆ ಸ್ಟಿಕರ್ ತಂದರೆ ಮಾರನೇ ದಿನವೇ ತರಗತಿ ಶಾಂತ. ಅದಕ್ಕೇ ಎಲ್ಲರಿಗೂ ಇಷ್ಟ.

ಆದರೆ ನಲ್ಲಿಯ ಪರೀಕ್ಷೆಯಲ್ಲಿ ಇದು ನಿಲ್ಲುವುದಿಲ್ಲ. ನಾನು ನೋಡುತ್ತಿದ್ದರೆ ಸಾಲು ನೇರ, ನೋಡದಿದ್ದರೆ ಮೊದಲಿನಂತೆಯೇ. ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟ ಇದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಅಂತ ಮೊದಲೇ ಹೇಳಿದರು. ಒಂದೆರಡು ವಾರದ ನಂತರ ಬಹುಮಾನ ಇಲ್ಲದೆ ನೋಡಿದರೆ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟು ಮಾತ್ರ. ಹೇಳದೆ ಬಹುಮಾನ ಕೊಟ್ಟ ಮಕ್ಕಳ ಆಸಕ್ತಿ ಕಡಿಮೆ ಆಗಿರಲಿಲ್ಲ. ಗೆಳೆಯನಿಗೆ ರಬ್ಬರ್ ಕೊಡುವುದಕ್ಕೂ ಸ್ಟಾರ್ ಇಟ್ಟರೆ ಹೀಗೇ ಆಗುತ್ತದೆ ಅನ್ನುವುದು ನನ್ನ ಭಯ.

ಕೆಂಪು ಚುಕ್ಕೆ, ಅಳುವ ಮುಖ ಹಾಕುವ ಚಾರ್ಟ್ ಅಂತೂ ಬೇಡವೇ ಬೇಡ. ಮಗುವಿಗೆ ದೈಹಿಕ ಶಿಕ್ಷೆ ಮಾತ್ರ ಅಲ್ಲ, ಮಾನಸಿಕ ಹಿಂಸೆಯೂ ಕೂಡದು ಅಂತ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ದಿನವಿಡೀ ಗೋಡೆ ಮೇಲೆ ತನ್ನ ಕೆಂಪು ಚುಕ್ಕೆ ನೋಡುತ್ತಾ ಕೂರುವ ಆರು ವರ್ಷದ ಮಗುವಿಗೆ ಅದು ಹಿಂಸೆಯೇ. ಚಾರ್ಟ್ ಬೇಕೇ ಬೇಕು ಅಂದರೆ ಹೆಸರಿಲ್ಲದೆ, ಇಡೀ ತರಗತಿಗೆ ಒಂದು ಡಬ್ಬಿ ಇಡಿ. ಒಳ್ಳೆಯದು ಕಂಡಾಗ ಒಂದು ಹುಣಸೆ ಬೀಜ ಹಾಕಿ. ತುಂಬಿದ ದಿನ ಮರದ ಕೆಳಗೆ ಪಾಠ. ಎರಡು ವಾರಕ್ಕೆ ನಿಲ್ಲಿಸಿ.

ಸಿದ್ಧ ಕಿಟ್‌ಗಳು

ದುಡ್ಡು ಬೇಕಾಗುವುದು ಇದಕ್ಕೇ. ಚಿತ್ರಕಾರ್ಡು, ಪುಸ್ತಕ, ತರಬೇತಿ ಸೇರಿಸಿ ಕಂಪನಿಗಳು ಶಾಲೆಗೆ ಮಾರುತ್ತವೆ. ಹೊಸ ಶಿಕ್ಷಕಿಗೆ ದಿನದಿನದ ಯೋಜನೆ ಕೈಗೆ ಸಿಗುತ್ತದೆ, ಅದು ಲಾಭವೇ. ಕೊಳ್ಳುವ ಮೊದಲು ಎನ್‌ಸಿಇಆರ್‌ಟಿ 2023ರಲ್ಲಿ ತಂದ ಜಾದುಯಿ ಪಿಟಾರಾ ಎಂಬ ಕಲಿಕೆಯ ಪೆಟ್ಟಿಗೆ ನೋಡಿ. 3ರಿಂದ 8 ವರ್ಷದವರಿಗೆ ಬೊಂಬೆ, ಆಟಿಕೆ, ಕಥೆ ಕಾರ್ಡು ಎಲ್ಲ ಅದರಲ್ಲಿವೆ. ಕಿಟ್‌ನಲ್ಲಿ ಊಟದ ಸಾಲು, ನಲ್ಲಿ, ಚಪ್ಪಲಿ ಜಾಗದ ಬಗ್ಗೆ ಒಂದು ಮಾತೂ ಇಲ್ಲದೆ ಬರೀ ವರ್ಕ್‌ಶೀಟ್ ಇದ್ದರೆ ನಾನಾದರೆ ಕೊಳ್ಳುವುದಿಲ್ಲ.

ಹಾಗಾದರೆ ನಿಮಗೆ?

ಅಂಗನವಾಡಿಯಲ್ಲಿ 3ರಿಂದ 6 ವರ್ಷದವರು ಒಟ್ಟಿಗೆ ಇದ್ದರೆ ಕೆರೆ-ದಡ, ಬೊಂಬೆ ಕಥೆ ಸಾಕು. ಐದು ದಾಟಿದವರಿಗೆ ಚಿಕ್ಕವರ ಲೋಟ, ಚಪ್ಪಲಿ ನೋಡಿಕೊಳ್ಳುವ ಕೆಲಸ ಕೊಡಿ. ಸುತ್ತ ಕೂತು ಮಾತು ಸದ್ಯಕ್ಕೆ ಬೇಡ.

ನಲಿಕಲಿ ಕೋಣೆಯವರಿಗೆ ಅರ್ಧ ಕೆಲಸ ಆಗಲೇ ಆಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿಯೇ ಕೂರುತ್ತಾರೆ, ಗೆಳೆಯರ ನೆರವಿನಿಂದ ಕಲಿಯುವವರ ಗುಂಪಿಗೆ ಗೆಳೆಯರ ಸಹಾಯದ ತಟ್ಟೆ ಅಂತಲೇ ಹೆಸರಿದೆ. ಅದರ ಮೇಲೆ ಕೆಲಸದ ಜೋಡಿ ಪಟ್ಟಿ ಹಾಕಿ, ವಾರಕ್ಕೆ ಎರಡು ದಿನ ಹುಲಿ-ಕುರಿ ಸೇರಿಸಿ. ಉಳಿದದ್ದು ಆಮೇಲೆ.

ಖಾಸಗಿ ಶಾಲೆಯ ಯುಕೆಜಿ, 40 ಮಕ್ಕಳು, ಬೆಂಚು, ಅಂಗಳ ಇಲ್ಲ, ಸಿಲಬಸ್ ಒತ್ತಡ. ಇಲ್ಲಿ ಕಥೆ-ಬೊಂಬೆಗೆ ವಾರಕ್ಕೆ ಎರಡು ಸಲ ಹತ್ತು ನಿಮಿಷ, ಜೊತೆಗೆ ಮೆಂಡರ್ ಡಬ್ಬಿ. ಪ್ರತಿ ಮಗುವಿನ ಕಂಪಾಸ್ ಬಾಕ್ಸಿನಲ್ಲೂ ಮೆಂಡರ್ ಇದ್ದರೆ ಕ್ರೆಯಾನ್‌ಗಳನ್ನು ಬೆಂಚಿಗೊಂದು ಡಬ್ಬಿಯಲ್ಲಿ ಇಡಿ.

20ಕ್ಕಿಂತ ಕಡಿಮೆ ಮಕ್ಕಳು, ಕೂರಲು ಜಾಗ, ಎಲ್ಲರಿಗೂ ಒಂದೇ ಭಾಷೆ ಚೆನ್ನಾಗಿ ಬರುತ್ತದೆ ಅಂದರೆ ಬುಗುರಿಯ ಸುತ್ತು ನಿಮಗೆ ತುಂಬ ಫಲ ಕೊಡುತ್ತದೆ.

ಯಾವುದನ್ನೇ ಹಿಡಿಯಿರಿ, ಆರು ವಾರ ಬದಲಿಸಬೇಡಿ. ವಾರಕ್ಕೊಮ್ಮೆ ನಲ್ಲಿಯಿಂದ ಸ್ವಲ್ಪ ದೂರ, ಮಕ್ಕಳಿಗೆ ಕಾಣದ ಹಾಗೆ ನಿಂತು ನೋಡಿ, ತಳ್ಳಾಟ ಎಷ್ಟು ಸಲ ಆಯಿತು ಅಂತ ಡೈರಿಯಲ್ಲಿ ಗೆರೆ ಎಳೆಯಿರಿ. ಗೆರೆ ಕಡಿಮೆ ಆಗುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಎಲ್ಲ ಮಾಡಿದರೂ ಒಂದು ಮಗು ಮಾತ್ರ ಯಾವುದಕ್ಕೂ ಸೇರದೆ ಉಳಿಯಬಹುದು. ಕರೆದರೆ ತಿರುಗುವುದಿಲ್ಲ, ಸರದಿ ತಪ್ಪಿಸಿ ನುಗ್ಗುತ್ತದೆ, ಆಟದಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ತಡ. ನನ್ನ ತರಗತಿಯ ಅಂಥ ಒಬ್ಬ ಹುಡುಗನನ್ನು ನಾಲ್ಕು ತಿಂಗಳು ತುಂಟ ಅಂತಲೇ ನಂಬಿದ್ದೆ. ಅವನಿಗೆ ಕಿವಿ ಸೋರುತ್ತಿತ್ತು, ‘ದಡ’ ಅಂದದ್ದು ಕೇಳಿಸುತ್ತಲೇ ಇರಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಅವರು ಬರುವ ಮೊದಲೇ ಅಂಥ ಮಕ್ಕಳ ಹೆಸರು, ನೀವು ಕಂಡದ್ದು ಏನು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಡಾಕ್ಟರ ಕೈಗೆ ಕೊಡಿ. ಅವರು ಬರುವುದು ದೂರ ಇದ್ದರೆ ಕಾಯಬೇಡಿ. ತಾಯಿಯನ್ನು ಕರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅಲ್ಲಿಯವರೆಗೆ ಆ ಮಗುವನ್ನು ನಿಮ್ಮ ಹತ್ತಿರ, ನಿಮ್ಮ ಮುಖ ಕಾಣುವ ಹಾಗೆ ಕೂರಿಸಿಕೊಳ್ಳಿ.